ಅಪ್ಪ ಹೇಳದೆ ಬಿಟ್ಟ ಭಾಷಣ

ಕೂಟದಲ್ಲಿ ಹುಲಿ, ಕಚೇರಿಯಲ್ಲಿ ಇಲಿ. ಇದು ನಮ್ಮ ಮನೆಯ ಗಾದೆ, ಕಟ್ಟಿದವಳು ಅಮ್ಮ. ಹುಲಿಯೂ ಇಲಿಯೂ ಅಪ್ಪನೇ. ಒಲೆ ಹೊಗೆಯಾದರೂ, ಹಾಲು ಒಡೆದರೂ, ಬನ್ಸಿನ ಹಿಟ್ಟು ಉಬ್ಬದಿದ್ದರೂ ಅಮ್ಮ ಆ ಗಾದೆಯನ್ನು ಒಮ್ಮೆ ಹೊರಗೆ ತೆಗೆಯುತ್ತಿದ್ದಳು. ಅಪ್ಪ ಕೇಳಿಸದವರ ಹಾಗೆ ಗ್ಲಾಸು ಒರೆಸುತ್ತಿದ್ದರು.

ಹುಲಿ ಎಂದದ್ದು ಸುಳ್ಳಲ್ಲ. ಅಪ್ಪ ತಾಳಮದ್ದಳೆಯ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ, ಪಂಚೆ ಶಾಲಿನಲ್ಲೇ ಕೂತು, ಪುರಾಣದ ಒಬ್ಬ ರಾಜನೋ ಅವನ ವೈರಿಯೋ ಆಗಿ, ಬರೆದುಕೊಂಡದ್ದೇನೂ ಇಲ್ಲದೆ ವಾದಿಸಬೇಕು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಮನುಷ್ಯ, ಭಾನುವಾರ ಮಧ್ಯಾಹ್ನ ಕದ್ರಿಯ ಒಂದು ಹಂಚಿನ ಮಾಳಿಗೆಯಲ್ಲಿ ಕೂತರೆ ಅದೆಂಥ ಕನ್ನಡ ಬರುತ್ತಿತ್ತು! ಈ ವಾರ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನ ಪಕ್ಷ, ಮುಂದಿನ ವಾರ ಆ ಬಾಣ ತಿಂದು ಬಿದ್ದವನ ಪಕ್ಷ. ಎರಡು ವಾರವೂ ಅವರು ಹೇಳಿದ್ದೇ ಸರಿ ಎಂದು ಜನ ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಇಲಿಯ ಕತೆ ಬೇರೆ. ಉಳ್ಳಾಲದ ಆಚೆ ಹೊಳೆಯ ಬದಿಯಲ್ಲಿ ನಮಗೆ ಗದ್ದೆಯಿತ್ತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ನಮ್ಮ ಒಕ್ಕಲು ಗದ್ದೆ ತನಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟ. ಗೇಣಿಗೆ ಚೀಟು, ಅಂದರೆ ಬರಹದ ಕರಾರು, ಯಾವತ್ತೂ ಆಗಿರಲಿಲ್ಲ. ಅವನು ಕೂಲಿಗೆ ಬರುವ ಆಳು, ಬೇಸಾಯ ನಮ್ಮದೇ ಎಂದು ಎರಡು ಮಾತು ಗಟ್ಟಿಯಾಗಿ ಹೇಳಿದ್ದರೆ ಗದ್ದೆ ಉಳಿಯುತ್ತಿತ್ತು ಎಂದು ನೆಂಟರೆಲ್ಲ ಹೇಳುತ್ತಿದ್ದರು. ಇದನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಎದುರು ವಕೀಲರಿಗೆ ಪ್ರವೇಶವಿರಲಿಲ್ಲ, ತಮ್ಮ ಮಾತನ್ನು ತಾವೇ ಆಡಬೇಕು. ನಮ್ಮಪ್ಪನಿಗೆ ಹೇಳಿ ಮಾಡಿಸಿದ ಜಾಗ ಎಂದು ಎಲ್ಲರೂ ಧೈರ್ಯವಾಗಿದ್ದರು. ಆ ದಿನ ಅಪ್ಪ ಮಧ್ಯಾಹ್ನದೊಳಗೆ ಮನೆಗೆ ಬಂದು, ಗದ್ದೆ ಹೋಯಿತು ಎಂದು ಹೇಳಿ, ಕೈಕಾಲು ತೊಳೆದು ಊಟಕ್ಕೆ ಕೂತರು. ದೊಡ್ಡ ಅಧಿಕಾರಿಯನ್ನು ಕಂಡು ಬಾಯಿ ಕಟ್ಟಿತಂತೆ ಎಂದು ಊರು ತೀರ್ಮಾನಿಸಿತು. ಅಪ್ಪ ಅದನ್ನು ತಿದ್ದಲಿಲ್ಲ. ವರ್ಷದೊಳಗೆ ನಾವು ನಂತೂರಿನ ಹೆದ್ದಾರಿಯ ಬದಿಯಲ್ಲಿ, ಲಾರಿಯವರು ನಿಲ್ಲಿಸುವಲ್ಲಿ, ಒಂದು ಚಾದ ಹೋಟೆಲು ತೆರೆದೆವು. ನನಗಾಗ ಹದಿನೈದು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ನಾಚಿಕೆಯೂ ಆಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಕಾಲೇಜು ಸೇರಿದೆ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಒಬ್ಬರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮೇಷ್ಟ್ರು. ಪಾದ್ರಿಯಾಗಲು ಸೆಮಿನರಿಗೆ ಹೋಗಿ, ಲ್ಯಾಟಿನ್ ಎಲ್ಲ ಓದಿ, ಅರ್ಧದಲ್ಲಿ ಬಿಟ್ಟು ಬಂದವರು. ಓದಿದ್ದು ಹಾಳಾಗಬಾರದು ಎಂದೋ ಏನೋ, ಶನಿವಾರ ಕಾಲೇಜು ಬಿಟ್ಟ ಮೇಲೆ ಬೇಕಾದವರಿಗೆ ವಾಗ್ಮಿತೆಯ ಶಾಸ್ತ್ರ ಹೇಳಿಕೊಡುತ್ತಿದ್ದರು. ಪರೀಕ್ಷೆಗೆ ಅದು ಬರುವುದಿಲ್ಲವಾದ್ದರಿಂದ ನಾವು ಆರೇ ಜನ. ಹಸಿವಾಗಬಾರದೆಂದು ಅವರ ಅಕ್ಕ ಡಬ್ಬಿಯಲ್ಲಿ ಕಳ್ಳು ಹಾಕಿ ಹುಳಿ ಬರಿಸಿದ, ಇಡ್ಲಿಯಂಥ ಸಣ್ಣ ಸಣ್ಣ ಸಾನ್ನ ಕಳಿಸುತ್ತಿದ್ದರು. ಆರರಲ್ಲಿ ಇಬ್ಬರು ಅದಕ್ಕೇ ಬರುತ್ತಿದ್ದರು ಎಂಬುದು ಮೇಷ್ಟ್ರಿಗೂ ಗೊತ್ತಿತ್ತು.

ಆ ತರಗತಿಯಲ್ಲಿ ನಾನು ಕೇಳಿದ್ದು ಇವತ್ತಿಗೂ ಬಾಯಿಗೆ ಬರುತ್ತದೆ. ಭಾಷಣಕ್ಕೆ ಐದು ಕೆಲಸಗಳಂತೆ: ಹೇಳುವುದನ್ನು ಹುಡುಕುವುದು, ಜೋಡಿಸುವುದು, ಮಾತಿಗೆ ಉಡಿಸುವುದು, ನೆನಪಿಡುವುದು, ಕೊನೆಗೆ ಎದ್ದು ನಿಂತು ಹೇಳುವುದು. ನೆನಪಿಡಲಿಕ್ಕೆ ಗೊತ್ತಿರುವ ಒಂದು ಮನೆಯ ಕೋಣೆ ಕೋಣೆಯಲ್ಲಿ ಒಂದೊಂದು ಮಾತನ್ನು ಇಟ್ಟು ಬರುತ್ತಿದ್ದರಂತೆ. ಎರಡೇ ಕೋಣೆಯ ಮನೆಯವಳು ನಾನು, ನಂತೂರಿನಿಂದ ಹಂಪನಕಟ್ಟೆಯವರೆಗಿನ ಬಸ್ ಸ್ಟಾಪುಗಳಲ್ಲಿ ಇಟ್ಟುಕೊಂಡೆ. ಗ್ರೀಸಿನಲ್ಲಿ ಹುಟ್ಟಿದ ಈ ವಿದ್ಯೆ ರೋಮಿಗೆ ಹೋದದ್ದು, ರೋಮು ಮುರಿದ ಮೇಲೆ ಮಠಗಳಲ್ಲಿ ಪಾದ್ರಿಗಳ ಪ್ರಸಂಗಕ್ಕೂ ಕಾಗದ ಬರೆಯುವುದಕ್ಕೂ ಒದಗಿದ್ದು, ಹಡಗು ಹತ್ತಿ ನಮ್ಮ ಕರಾವಳಿಯ ಸೆಮಿನರಿವರೆಗೆ ಬಂದದ್ದು, ಎಲ್ಲವನ್ನೂ ಮೇಷ್ಟ್ರು ಪಕ್ಕದ ಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು. ಒಳ್ಳೆಯ ಮನುಷ್ಯನಲ್ಲದವನು ಒಳ್ಳೆಯ ವಾಗ್ಮಿಯಾಗಲಾರ ಎಂದು ರೋಮಿನವರು ನಂಬಿದ್ದರು ಎಂದಾಗ ಮಾತ್ರ ನಾವೆಲ್ಲ ನಕ್ಕೆವು. ಚುನಾವಣೆಯ ಮೈಕು ಕೇಳಿ ಬೆಳೆದವರು ನಾವು.

ಒಂದು ಶನಿವಾರ ಅವರು ಗ್ರೀಕರ ನ್ಯಾಯಾಲಯದ ವಿಷಯ ತೆಗೆದರು. ಅಲ್ಲಿ ವಕೀಲರಿರಲಿಲ್ಲ, ತನ್ನ ವ್ಯಾಜ್ಯಕ್ಕೆ ತಾನೇ ಮಾತಾಡಬೇಕಿತ್ತು. ಮಾತು ಬಾರದವನು ಬಲ್ಲವರಿಂದ ಭಾಷಣ ಬರೆಸಿ ಬಾಯಿಪಾಠ ಮಾಡುತ್ತಿದ್ದ. ಬರೆಯುವವನು ಆ ಮನುಷ್ಯನ ಬಾಯಿಗೆ ಹೊಂದುವ ಹಾಗೆ ಬರೆಯಬೇಕಿತ್ತು. ಇದು ನಮ್ಮ ನ್ಯಾಯಮಂಡಳಿಯೇ. ಗೊತ್ತಿರುವ ಒಂದು ವ್ಯಾಜ್ಯ ಹಿಡಿದು ಎರಡೂ ಪಕ್ಷದ ಭಾಷಣ ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದರು.

ನಮ್ಮ ಪಕ್ಷದ್ದನ್ನು ನಾನು ಎರಡು ದಿನದಲ್ಲಿ ಬರೆದೆ. ಅಪ್ಪನಿಗೆ ಅಂದು ಬಾಯಿಗೆ ಬಾರದ ಭಾಷಣ! ಬರೆಯುವಾಗ ಕಣ್ಣಲ್ಲಿ ನೀರು ಬಂತು, ಅಷ್ಟು ಚಂದ ಬಂದಿತ್ತು. ಒಕ್ಕಲಿನ ಪಕ್ಷದ್ದು ಮಾತ್ರ ಒಂದು ಸಾಲೂ ಹೊರಡಲಿಲ್ಲ. ಮೇಷ್ಟ್ರಿಗೆ ತೋರಿಸಿದೆ. ಓದಿ, ಚಂದ ಉಂಟು, ಆದರೆ ಇದನ್ನು ಯಾರ ಬಾಯಿಗೆ ಅಂತ ಬರೆದದ್ದೋ ಅವರಿಗೆ ಓದಿ ತೋರಿಸಿದ್ದೀರಾ ಎಂದು ಕೇಳಿದರು. ಓದಬೇಕೆಂದೇ ನನಗೂ ಇತ್ತು. ಒಳ್ಳೆಯ ಮನಸ್ಸಿನಿಂದಲ್ಲ, ಚುಚ್ಚಬೇಕೆಂದು.

ಮೂರು ಗಂಟೆಗೆ ಹೋಟೆಲಿನಲ್ಲಿ ಗಿರಾಕಿ ಇರುವುದಿಲ್ಲ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ನಿಂತು ಓದಿದೆ. ಲಾರಿ ಹೋಗುವಾಗ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಪೀಠಿಕೆ ಉದ್ದವಾಯಿತು, ಚೀಟಿಲ್ಲ ಎಂಬುದನ್ನು ಕೊನೆಗೆ ಇಡಬೇಕು, ಅದೇ ದೊಡ್ಡ ಬಾಣ ಎಂದರು. ಹಾಗೆಂದು, ತಾವೇ ಶುರು ಮಾಡಿದರು. ನನ್ನ ಭಾಷಣ ಅದರ ಎದುರು ಮಕ್ಕಳಾಟ. ಅಜ್ಜನ ಕಾಲದ ಬಾವಿ, ಎತ್ತು ಕೊಟ್ಟದ್ದು, ಬೀಜ ಕೊಟ್ಟದ್ದು, ಕೂಲಿ ಕೊಟ್ಟದ್ದು, ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಕೊನೆಗೆ ಮೆಲ್ಲಗೆ, ಚೀಟು ಎಲ್ಲಿದೆ ತೋರಿಸಲಿ ಎಂದು ನಿಲ್ಲಿಸಿದರು. ಒಳಗಿನಿಂದ ಅಮ್ಮ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಜಾಲರಿ ಸೌಟು ಹಾಗೇ ಇತ್ತು.

ಆಮೇಲೆ ಅಪ್ಪ ಹೆಗಲ ಮೇಲಿನ ಬೈರಾಸು ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬೆಂಚಿನಿಂದ ಎದ್ದು ನಿಂತರು. ನಮ್ಮ ಒಕ್ಕಲು ನಿಲ್ಲುತ್ತಿದ್ದದ್ದೇ ಹಾಗೆ. ಕನ್ನಡ ಬಿಟ್ಟು ತುಳುವಿಗೆ ಇಳಿದರು. ಅವರ ತುಳುವನ್ನು ಬಂದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ.

“ಚೀಟು ಇಲ್ಲ ಧಣಿ, ಸರಿ. ನೀವು ಕೊಡ್ಲಿಲ್ಲ, ನಾನು ಕೇಳ್ಲಿಲ್ಲ. ಕೇಳಿದ್ರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಆಗ್ತಿತ್ತು. ನಂಬಿದ್ದು ನನ್ನ ತಪ್ಪಾ? ಚೀಟು ಬೇಡ, ಒಂದು ಕೇಳ್ತೇನೆ. ಆ ಗದ್ದೆಗೆ ಹೊಳೆಯ ಉಪ್ಪುನೀರು ಯಾವ ಮೂಲೆಯಿಂದ ನುಗ್ತದೆ? ಅದನ್ನು ತಡೆಯುವ ಕಟ್ಟ ಯಾವ ತಿಂಗಳಲ್ಲಿ ಕಟ್ಟುದು? ಗೊತ್ತುಂಟಾದ್ರೆ ಹೇಳಿ, ನಾನು ಮನೆಗೆ ಹೋಗ್ತೇನೆ.”

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಅಮ್ಮ ಬಾಗಿಲಿನಿಂದಲೇ ಕೇಳಿದಳು, “ಹಾಗಾದ್ರೆ ಆ ದಿವಸ ನಿಮ್ಗೆ ಬಾಯಿ ಕಟ್ಟಿದ್ದಲ್ಲ?”

ಅಲ್ಲ ಎಂದರು ಅಪ್ಪ. ಆಮೇಲೆ ನಿಧಾನವಾಗಿ ಹೇಳಿದರು. ಕೂಟಕ್ಕೆ ಹೋಗುವ ಮೊದಲು ಎದುರಿನವನ ಅರ್ಥವನ್ನು ಮೊದಲು ತಯಾರು ಮಾಡುವುದು ಅವರ ಅಭ್ಯಾಸ. ಎದುರಿನವನು ಎಂತ ಹೇಳಿಯಾನು ಎಂದು ತಿಳಿದರೆ ತಾನೇ ಉತ್ತರ ಹುಡುಕಬಹುದು? ನ್ಯಾಯಮಂಡಳಿಗೂ ಹಾಗೇ ತಯಾರು ಮಾಡಿಕೊಂಡು ಹೋಗಿದ್ದರು. ಉಪ್ಪುನೀರಿನ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರಲಿಲ್ಲ. ಅದನ್ನು ಒಕ್ಕಲು ಕೇಳಿದರೆ ಹೇಗೆ ಜಾರುವುದು ಎಂದೇ ಯೋಚಿಸುತ್ತಿದ್ದರಂತೆ.

“ಅಲ್ಲಿ ಹೋದ್ರೆ ಅವ ಬಾಯಿಯೇ ಬಿಡ್ಲಿಲ್ಲ,” ಎಂದರು ಅಪ್ಪ. “ಆಫೀಸರು ಘಟ್ಟದ ಮೇಲಿನವ್ರು, ಕನ್ನಡದಲ್ಲಿ ಕೇಳ್ತಾರೆ, ಇವ ನಡುಗ್ತಾನೆ. ಅವನ ಅರ್ಥ ಪೂರಾ ನನ್ನ ಬಾಯಲ್ಲಿ ಉಂಟು. ಅದನ್ನು ನುಂಗಿ ನನ್ನದು ಮಾತ್ರ ಹೇಳ್ಲಿಕ್ಕೆ ಆಗ್ಲಿಲ್ಲ ಮಗಾ.”

ಅಮ್ಮ ಒಳಗೆ ಹೋದಳು. ಎಂಟು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ಬಾಯಿ ಕಟ್ಟಿದ ಗಂಡನನ್ನು ಅವಳು ಗಾದೆ ಹೇಳಿಯಾದರೂ ಸಹಿಸಿದ್ದಳು. ತಿಳಿದೂ ಬಿಟ್ಟುಕೊಟ್ಟು, ತನಗೆ ಒಂದು ಮಾತು ಹೇಳದೆ ಇಷ್ಟು ವರ್ಷ ಬೈಸಿಕೊಂಡವನನ್ನು ಸಹಿಸುವುದು ಕಷ್ಟವಾಯಿತು. ಆ ಎಂಟು ದಿನ ಪಾತ್ರೆಗಳೇ ಅವಳ ಪರವಾಗಿ ಮಾತಾಡಿದವು. ಒಂಬತ್ತನೆಯ ದಿನ ಮಾತಾಡಿದಳು, ಸಕ್ಕರೆ ಮುಗಿದಿದೆ ಎಂದು. ಗಾದೆ ಮಾತ್ರ ಮತ್ತೆ ಅವಳ ಬಾಯಿಗೆ ಬರಲಿಲ್ಲ.

ನಾನೊಮ್ಮೆ ಅಪ್ಪನನ್ನು ಕೇಳಿದ್ದೆ, ಬೇಸರ ಇಲ್ಲವೇ ಎಂದು. ಗದ್ದೆಯದ್ದು ಅಷ್ಟಿಲ್ಲ, ಅಷ್ಟು ಒಳ್ಳೆಯ ಅರ್ಥ ತಯಾರು ಮಾಡಿ ಹೇಳಲಿಕ್ಕೆ ಸಿಗಲಿಲ್ಲ ನೋಡು, ಅದು ಈಗಲೂ ಉಂಟು ಎಂದರು. ಸುಳ್ಳು ಹೇಳುವ ಮುಖವಲ್ಲ ಅದು.

ಅಪ್ಪ ಒಕ್ಕಲಾಗಿ ಆಡಿದ್ದನ್ನು ಬರೆದುಕೊಂಡು, ಮುಂದಿನ ಶನಿವಾರ ಎರಡೂ ಭಾಷಣ ಓದಿ, ನಡೆದದ್ದನ್ನು ಮೇಷ್ಟ್ರಿಗೆ ಹೇಳಿದೆ. ನಿಮ್ಮ ತಂದೆ ಎಲ್ಲಿಯವರೆಗೆ ಓದಿದ್ದು ಎಂದು ಕೇಳಿದರು. ಐದನೇ ಕ್ಲಾಸು ಸರ್ ಎಂದೆ. ಕೂಟ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಅವರು ಕೇಳಿ ಬರೆದುಕೊಂಡರು. ಅದರ ಮರುದಿನವೇ ಕದ್ರಿಯ ಮಾಳಿಗೆಗೆ ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಚಾಪೆಯ ಮೇಲೆ ನಾಲ್ಕು ಗಂಟೆ ಕೂತು, ಕಾಲು ಜೋಮು ಹಿಡಿದು ಏಳಲಾರದೆ ಅಪ್ಪನ ಕೈ ಹಿಡಿದು ಎದ್ದರು. ಆ ಮಾಳಿಗೆ ಈಗಿಲ್ಲ, ಶನಿವಾರದ ತರಗತಿಯೂ ಅವರು ನಿವೃತ್ತರಾದ ಮೇಲೆ ನಿಂತಿತು. ಆ ಸಾನ್ನದ ಹುಳಿವಾಸನೆ ಎಲ್ಲಾದರೂ ಮೂಗಿಗೆ ಬಂದರೆ ನನಗೆ ಇವತ್ತಿಗೂ ರೋಮು ನೆನಪಾಗುತ್ತದೆ.

ಅಪ್ಪ ತೀರಿಕೊಂಡದ್ದು ಎಂಬತ್ತರ ದಶಕದ ನಡುವಿನಲ್ಲಿ. ಉತ್ತರಕ್ರಿಯೆಯ ಬೊಜ್ಜದ ದಿನ ಕೂಟದ ಅರ್ಥಧಾರಿಗಳು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಹೊಗಳಿದರು. ಎಲ್ಲರದ್ದೂ ಚಂದವೇ. ಒಕ್ಕಲೂ ಉಳ್ಳಾಲದಿಂದ ಬಂದಿದ್ದ, ಬೈರಾಸು ಕಂಕುಳಲ್ಲಿಟ್ಟು ಹಿಂದೆ ನಿಂತಿದ್ದ. ಊಟಕ್ಕೆ ಕೂತಾಗ ಅಮ್ಮ ಪಾಯಸದ ಪಾತ್ರೆ ಹಿಡಿದು ತಾನೇ ಅವನ ಎಲೆಯ ಮುಂದೆ ಹೋಗಿ ನಿಂತಳು. ಆ ದಿನ ಕಚೇರಿಯಲ್ಲಿ ಇವರು ಎಂತ ಹೇಳಿದ್ದು ಎಂದು ಕೇಳಿದಳು. ಇಷ್ಟು ವರ್ಷ ಅಪ್ಪನ ಹತ್ತಿರ ಕೇಳದೆ ಉಳಿಸಿಕೊಂಡ ಪ್ರಶ್ನೆ.

ಅವನು ಎಲೆ ನೋಡುತ್ತ ಹೇಳಿದ, “ಇವನೇ ಉಳುವವ, ಇವನ ಅಪ್ಪನೂ ಅದೇ ಗದ್ದೆ ಉತ್ತದ್ದು, ಅಷ್ಟೇ ಧಣಿಗಳು ಹೇಳಿದ್ದು. ಮತ್ತೆ ನನ್ನ ಕಡೆ ತಿರುಗಿ, ನಾನು ಹೇಳಿದ್ದು ಸರಿಯಾಯ್ತಾ ಅಂತ ಕೇಳಿದ್ರು. ನನಗೆ ಆಗ ಬಾಯಿ ಬರ್ಲಿಲ್ಲ ಅಮ್ಮಾ.”

ತಲೆಯೆತ್ತಿ, “ಸರಿಯಾಗಿತ್ತು,” ಎಂದ.

ಅಮ್ಮ ಅವನ ಎಲೆಗೆ ಪಾಯಸ ಬಡಿಸಿ, ಪಾತ್ರೆ ಹಿಡಿದುಕೊಂಡೇ ಅತ್ತಳು.