ಸೀರಿ ಯಾರಿಗೆ ಬೇಕವ್ವ?

ಗಿರಿಮಲ್ಲಪ್ಪ ಕಾಕಾ ಮೊಬೈಲನ್ನು ಎರಡೂ ಅಂಗೈಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುತ್ತಿದ್ದರು. ಗಿರಾಕಿಗಳ ಮುಂದೆ ಸೀರೆ ಹಿಡಿದು ಹಿಡಿದು ನಲವತ್ತು ವರ್ಷ ರೂಢಿಯಾದ ಕೈ ಅದು. ಫೋನ್ ಬಂದರೆ ಅದನ್ನು ಕಿವಿಗೆ ಹಚ್ಚುತ್ತಿರಲಿಲ್ಲ. ಕಿವಿಯನ್ನೇ ಬಗ್ಗಿಸಿ ಅಂಗೈ ಹತ್ತಿರ ತರುತ್ತಿದ್ದರು. ಆ ಕಡೆಯವರು ಏನು ಹೇಳಲು ಹೊರಟಿದ್ದರೂ ಮೊದಲು "ಬರ್ರಿ, ಕುಂಡ್ರಿ, ನೀರು ಕುಡೀರಿ" ಎನ್ನುತ್ತಿದ್ದರು. ಕರೆ ಮಾಡಿದವರು ಪುಣೆಯಲ್ಲಿರಲಿ, ಕಲಬುರ್ಗಿಯಲ್ಲಿರಲಿ, ನೀರು ಮಾತ್ರ ತಪ್ಪುತ್ತಿರಲಿಲ್ಲ.

ಮೊಮ್ಮಕ್ಕಳೇ, ಹೋದ ಸಲ ರಜೆಗೆ ಬಂದಾಗ ನೀವು ನಕ್ಕಿರಿ. "ಆಯಿಗೆ ನಾಕು ಮಂದಿ ಎದುರು ಮಾತಾಡಾಕ ಬರಂಗಿಲ್ಲ, ಫೋನಿನ್ಯಾಗ ಸೀರಿ ತರಿಸ್ತಾಳ" ಎಂದು. ನನಗೆ ಅದನ್ನು ಕಲಿಸಿದವರು ಯಾರು ಎಂದೂ ಕೇಳಿದಿರಿ. ಆಗ ಹೇಳಲು ಆಗಲಿಲ್ಲ. ಬರೆಯುವುದು ನನಗೆ ಸಲೀಸು, ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಕಲಿಸಿದವರು ಕಾಕಾ. ಆದರೆ ಅವರು ನನಗೆ ಕಲಿಸಿದ್ದಕ್ಕಿಂತ ಕಾಕಾಗೆ ನಾನು ಕಲಿಸಿದ್ದು ಒಂದು ಹಿಡಿ ಹೆಚ್ಚು. ಅದನ್ನು ಅವರೇ ಒಪ್ಪಿಕೊಂಡಿದ್ದರು, ಮೂರು ವಾರ ತಡಮಾಡಿ.

ನಾನು ಗಲಗಲಿಯ ಸಾಲಿಯಲ್ಲಿ ಏಳನೆಯವರೆಗೆ ಓದಿದವಳು. ಬನಹಟ್ಟಿಗೆ ಸೊಸೆಯಾಗಿ ಬಂದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಪೇಟೆಯ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆ ಮಡಿಸುವ ಕೆಲಸಕ್ಕೆ ಸೇರಿದೆ. ನಾವು ನಾಲ್ಕು ಮಂದಿ ಹೆಂಗಸರಿದ್ದೆವು. ಮುಂದಿನ ಗಾದಿಯ ಮೇಲೆ ಬಿಳಿ ಹಾಸು ಹಾಸಿಕೊಂಡು ಕಾಕಾ ಕೂರುತ್ತಿದ್ದರು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಷ್ಟೇ. ಆದರೂ ಊರಿಗೆಲ್ಲ ಕಾಕಾ ಆದವರು ನನಗೂ ಕಾಕಾ ಆದರು. ತಲೆಗೆ ಬಿಳಿ ಟೋಪಿ, ಕಿವಿಗೆ ಒಂದು ಪೆನ್ಸಿಲ್. ಆ ಪೆನ್ಸಿಲಿನಿಂದ ಅವರು ಏನಾದರೂ ಬರೆದದ್ದನ್ನು ನಾನು ಕಂಡಿಲ್ಲ.

ಅವರ ಜಾಣತನವೆಲ್ಲ ಒಂದು ಪ್ರಶ್ನೆಯಲ್ಲಿತ್ತು. ಗಿರಾಕಿ ಕುಳಿತು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುವವರೆಗೆ ಸುಮ್ಮನಿರುತ್ತಿದ್ದರು. ಆಮೇಲೆ, "ಸೀರಿ ಯಾರಿಗೆ ಬೇಕವ್ವ?" ಮಗಳಿಗೆ ಎಂದರೆ ಒಂದು ಕಪಾಟು ತೆರೆಯುತ್ತಿತ್ತು, ಬೀಗಿತಿಗೆ ಎಂದರೆ ಇನ್ನೊಂದು. ಕಟ್ಟಿಕೊಡುವುದೂ ಬೇರೆ ಬೇರೆ. ಮಗಳ ಸೀರೆಯಲ್ಲಿ ಕುಬಸದ ಬಟ್ಟೆ, ಅರಿಷಿಣ-ಕುಂಕುಮದ ಪುಡಕೆ. ಬೀಗಿತಿಯ ಸೀರೆಯಾದರೆ ಅಂಚಿನ ದಡಿ ಹೊರಗೆ ಕಾಣುವಂತೆ ಮಡಿಕೆ, ಏಕೆಂದರೆ ಅದನ್ನು ಹತ್ತು ಮಂದಿ ಕೈಯಾಡಿಸಿ ನೋಡುತ್ತಾರೆ. "ಬೀಗಿತಿ ಸೀರಿ ಉಡಾಕಲ್ಲ ಬೇ, ತೋರ್ಸಾಕ" ಎನ್ನುತ್ತಿದ್ದರು.

ಅಂಗಡಿಯ ಸೊಸೆ ಶೈಲಾ ಜಮಖಂಡಿಯ ಹುಡುಗಿ, ಕಂಪ್ಯೂಟರ್ ಓದಿದವಳು. ಮದುವೆ ಜವಳಿಗೆ ಬರುವ ಜನ ಕಡಿಮೆಯಾಗಿ ಗಾದಿಯ ಹಾಸು ದಿನವಿಡೀ ಸುಕ್ಕಾಗದೆ ಉಳಿಯತೊಡಗಿದಾಗ ಅವಳು ಆನ್‌ಲೈನ್ ಅಂಗಡಿ ಮಾಡಿದಳು. ಯಜಮಾನರು, ಅಂದರೆ ಅವಳ ಮಾವ, ಒಂದೇ ಮಾತು ಹೇಳಿದರು. "ದೀಪಾವಳಿತನ ನೋಡೂಣು. ನಡೀಲಿಲ್ಲಂದ್ರ ಹಿಂದಿನ ಖೋಲಿ ಬಾಡಿಗಿಗೆ ಕೊಡತೇನಿ." ಹಿಂದಿನ ಖೋಲಿ ಎಂದರೆ ನಾವು ನಾಲ್ವರು. ಹೊರಗೆ ಹೋಗಿ ಇನ್ನೊಂದು ಕಡೆ ಕೆಲಸ ಕೇಳುವುದೆಂದರೆ ನನಗೆ ಬಾವಿಗೆ ಇಳಿದಂತೆ. ಶೈಲಾ ಗಾದಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಕಾಕಾರನ್ನು ಕರೆದು, "ಗಿರಾಕಿ ಮನಸ್ಸು ನಿಮಗ ಗೊತ್ತೈತ್ರಿ. ಇದನ್ನ ಒಮ್ಮೆ ನೋಡಿ ತಪ್ಪು ಹೇಳ್ರಿ" ಎಂದಳು. ತಪ್ಪು ಹೇಳಿ ಎಂದು ಕಾಕಾಗೆ ಯಾರೂ ಕೇಳಬಾರದಿತ್ತು.

ವೆಬ್‌ಸೈಟ್ ತೆರೆದ ಕೂಡಲೇ ಅದು ಫೋನ್ ನಂಬರ್ ಕೇಳಿತು, ಆಮೇಲೆ ಒಟಿಪಿ ಕೇಳಿತು. ಕಾಕಾ ಮೊಬೈಲನ್ನು ಅಂಗೈಗಳ ಮೇಲಿಟ್ಟುಕೊಂಡೇ ಶೈಲಾಳ ಕಡೆ ತಿರುಗಿದರು.

"ಅಕ್ಕಾರ, ಬಾಗಲ್ದಾಗ ನಿಂದ್ರಿಸಿ ಊರು ಹೆಸರು ಕೇಳಾಕತ್ತೈತಲ್ಲರಿ ಇದು. ಇದು ಅಂಗಡಿನೋ ಪೊಲೀಸ್ ಠಾಣೆನೋ?"

"ಎಲ್ಲಾರೂ ಹಿಂಗ ಕೇಳ್ತಾರ್ರಿ ಕಾಕಾ."

"ಕೇಳ್ಲಿ. ಒಳಗ ಬಂದು, ಸೀರಿ ಎಲ್ಲಾ ಕೆದರಿ ನೋಡಿ, ಒಂದನ್ನ ತೊಡಿ ಮ್ಯಾಲೆ ಇಟ್ಕೊಂಡ ಮ್ಯಾಲೆ ಕೇಳ್ರಿ. ಆಗ ಹೆಸರೇನು, ಅಜ್ಜನ ಹೆಸರೂ ಹೇಳ್ತಾರ."

ಶೈಲಾ ಆ ಪುಟವನ್ನು ಕೊನೆಗೆ ಸರಿಸಿದಳು. ಆ ಮೊದಲ ಗೆಲುವು ಕಾಕಾರ ತಲೆಗೆ ಏರಿತು. ಮರುದಿನ ಬಣ್ಣಗಳ ಹೆಸರು ಹಿಡಿದರು. ಪೀಚ್, ವೈನ್ ಎಂದಿದ್ದವು. "ಇವು ಯಾರ ಮನ್ಯಾಗಿನ ಬಣ್ಣರಿ?" ಎಂದು ಒಂದೊಂದಕ್ಕೂ ಹೊಸ ಹೆಸರಿಟ್ಟರು. ಕಡಲೆ ಹಿಟ್ಟು, ಹುಣಸೆ ಬೀಜ, ಗಿಳಿ ರೆಕ್ಕೆ. ಇಷ್ಟರ ಮಟ್ಟಿಗೆ ಚೆಂದವೇ ಇತ್ತು. ಆಮೇಲೆ "ಮಹಾಲಿಂಗಪುರದ ಎರಡ್ನೇ ದರ್ಜೆ ಬೆಲ್ಲ" ಬಂತು, "ಎಳೇ ಬದನಿಕಾಯಿ, ತೊಟ್ಟಿನ ಹತ್ತಿರ" ಬಂತು. ಆ ಜಾಗದಲ್ಲಿ ಇಷ್ಟು ಅಕ್ಷರ ಹಿಡಿಯುವುದಿಲ್ಲ ಎಂದು ಶೈಲಾ ಕೈಮುಗಿದಳು. ಕಾಕಾ ಎರಡು ದಿನ ಅವಳೊಂದಿಗೆ ಮಾತು ಬಿಟ್ಟರು. ಮೂರನೆಯ ದಿನ ಸೀರೆಯ ಹಿಂಬದಿಯ ಫೋಟೋ ಯಾಕಿಲ್ಲ ಎಂದು ಕೇಳಲು ತಾವೇ ಮಾತು ತೆಗೆದರು.

ಇನ್ನು ಎಲ್ಲ ಸರಿಯಾಯಿತೋ ಇಲ್ಲವೋ ಎಂದು ನೋಡಲು ಒಬ್ಬರು ಬೇಕಿತ್ತು. ಕಾಕಾ ಹಿಂದಿನ ಕೋಣೆಗೆ ಬಂದು ನಮ್ಮ ನಾಲ್ವರನ್ನೂ ನೋಡಿ ನನ್ನ ಮೇಲೆ ಬೆರಳು ಮಾಡಿದರು.

"ನೀಲವ್ವ ಬರ್ಲಿ. ಉಳಿದವ್ರು ತಿಳೀಲಿಲ್ಲಂದ್ರ ಕೇಳ್ತಾರ. ಈಕಿ ಸತ್ರೂ ಕೇಳಂಗಿಲ್ಲ. ಈಕಿ ಯಾರನ್ನೂ ಕೇಳದನ ಸೀರಿ ತಗೊಂಡ್ಲಂದ್ರ ಅಂಗಡಿ ಸರಿ ಐತಿ."

ನನ್ನ ನಾಚಿಕೆಗೆ ಯಾರಾದರೂ ಒಂದು ಉಪಯೋಗ ಕಂಡುಹಿಡಿದದ್ದು ಅದೇ ಮೊದಲು. ಪ್ರತಿ ಸೋಮವಾರ ಫೋನ್ ನನ್ನ ಕೈಗೆ ಕೊಟ್ಟು, ಕಾಕಾ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. "ನಾ ನೋಡಂಗಿಲ್ಲ. ನೀ ನಿನ್ನ ಪಾಡಿಗೆ ತಗೋ" ಎನ್ನುತ್ತಿದ್ದರು. ನೋಡುತ್ತಿರಲಿಲ್ಲ, ನಿಜ. ಆದರೆ ನನ್ನ ಉಸಿರು ಎಣಿಸುತ್ತಿದ್ದರು. ನಾನು ಎಲ್ಲಿಯಾದರೂ ತಡವರಿಸಿ ಉಸಿರು ಬಿಟ್ಟರೆ ಗೋಡೆಯ ಕಡೆಯಿಂದಲೇ, "ಅಲ್ಲೆ ಏನೋ ಐತಿ. ಅಕ್ಕಾರ, ಈಕಿ ಉಸಿರು ಬಿಟ್ಟಲ್ಲಿ ಗುರ್ತು ಹಾಕ್ಕೋರಿ" ಎನ್ನುತ್ತಿದ್ದರು. ಶೈಲಾ ಗುರುತು ಹಾಕಿಕೊಂಡು ಸರಿಪಡಿಸುತ್ತಿದ್ದಳು. ವಿಳಾಸ ಬರೆಯುವ ಜಾಗ ದೊಡ್ಡದಾಯಿತು. "ಯಾವ ಗುಡಿ ಹತ್ತಿರ" ಎನ್ನುವ ಸಾಲು ಸೇರಿತು. ತಪ್ಪು ಒತ್ತಿದರೆ ಹಿಂದೆ ಹೋಗುವ ಗುಂಡಿ ಬಂತು.

ಕಾಕಾ ತಮ್ಮ ಪ್ರಶ್ನೆಯನ್ನೂ ಅದರಲ್ಲಿ ಸೇರಿಸಿದ್ದರು. ಸೀರೆ ಆರಿಸಿ ಮುಂದೆ ಹೋದರೆ, "ಸೀರೆ ಯಾರಿಗೆ?" ಅದರ ಕೆಳಗೆ ಹನ್ನೊಂದು ಹೆಸರು. ಮಗಳಿಗೆ, ಸೊಸೆಗೆ, ತಾಯಿಗೆ, ಅತ್ತೆಗೆ, ಅಕ್ಕನಿಗೆ, ತಂಗಿಗೆ, ನಾದಿನಿಗೆ, ನೆಗೆಣ್ಣಿಗೆ, ಬೀಗಿತಿಗೆ, ಸೋದರತ್ತೆಗೆ, ಗೆಳತಿಗೆ. ಒಂದನ್ನು ಒತ್ತದಿದ್ದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಯಾರಿಗೆಂದು ತಿಳಿಯದೆ ಹೇಗೆ ಮಡಿಸುವುದು, ಏನು ಇಟ್ಟು ಕಟ್ಟುವುದು ಎನ್ನುವುದು ಅವರ ವಾದ. ಅವರಿಗೆ ಅಷ್ಟು ಹೆಮ್ಮೆಯ ಪುಟ ಬೇರೊಂದಿರಲಿಲ್ಲ.

ನಾನು ಪ್ರತಿ ಸೋಮವಾರ ಅಲ್ಲಿ ಉಸಿರು ಬಿಗಿಹಿಡಿದು "ತಂಗಿಗೆ" ಎಂದು ಒತ್ತುತ್ತಿದ್ದೆ. ನನಗೆ ತಂಗಿಯೇ ಇಲ್ಲ ಎಂದು ನಿಮಗೆ ಗೊತ್ತು.

ನವರಾತ್ರಿ ಹತ್ತಿರ ಬಂತು. ಜನ ಆನ್‌ಲೈನ್ ಅಂಗಡಿಗೆ ಬರುತ್ತಿದ್ದರು, ಸೀರೆ ನೋಡುತ್ತಿದ್ದರು, ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು, ಆಮೇಲೆ ಬಿಟ್ಟು ಹೋಗುತ್ತಿದ್ದರು. ಯಾವ ಪುಟದಲ್ಲಿ ಬಿಟ್ಟರು ಎಂದು ಶೈಲಾಳ ಕಂಪ್ಯೂಟರ್ ತೋರಿಸುತ್ತಿತ್ತು. ಬಹಳ ಮಂದಿ ಕಾಕಾರ ಪ್ರಶ್ನೆಯ ಮುಂದೆಯೇ ಎದ್ದು ಹೋಗುತ್ತಿದ್ದರು.

"ಅದು ನೆಟ್ವರ್ಕಿನ ತಪ್ಪರಿ" ಎಂದರು ಕಾಕಾ. "ನನ್ನ ಪ್ರಶ್ನೆಗೆ ಎದ್ದು ಹೋದ ಹೆಣ್ಮಗಳನ್ನ ನಾ ಇನ್ನೂ ಕಂಡಿಲ್ಲ. ಬೇಕಾದ್ರ ನೀಲವ್ವನ್ನ ಕೇಳ್ರಿ. ಈಕಿ ಅಲ್ಲೆ ಒಮ್ಮೆನೂ ಉಸಿರು ಬಿಟ್ಟಿಲ್ಲ."

ಶೈಲಾ ನನ್ನ ಮುಖ ನೋಡಿದಳು. ನಾನು ಸೀರೆಯ ಅಂಚು ನೋಡಿದೆ.

ಅದೇ ವಾರ ಒಂದು ಸೀರೆ ನನ್ನ ಕೈಗೆ ಬಂತು. ಹುಣಸೆ ಬೀಜದ ಬಣ್ಣ, ಸಣ್ಣ ದಡಿ, ಹತ್ತಿಯದು. ಮಡಿಸಿಟ್ಟೆ. ಮತ್ತೆ ಬಿಚ್ಚಿ ಮಡಿಸಿದೆ. ನಿಮ್ಮ ಅಜ್ಜ ಹೋದ ಮೇಲೆ ನನಗೆ ಸೀರೆ ಬಂದದ್ದೆಲ್ಲ ಬೇರೆಯವರ ಮನೆಯ ಕಾರ್ಯಗಳಲ್ಲಿ, ಅವರಿಗೆ ತೋಚಿದ ಬಣ್ಣದಲ್ಲಿ. ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ನಿಮ್ಮ ಅಪ್ಪ ಕೊಡಿಸಿದ ಫೋನಿನಲ್ಲಿ ಆ ಸೀರೆಯನ್ನು ಹುಡುಕಿ ಬುಟ್ಟಿಗೆ ಹಾಕಿದೆ. ಆ ಪುಟ ಬಂತು. ಪರೀಕ್ಷೆಗೆ ಸುಳ್ಳು ಒತ್ತುವುದು ಬೇರೆ, ಖರೇ ಸೀರೆಗೆ ಒತ್ತುವುದು ಬೇರೆ. ಬೆರಳು ಏಳಲಿಲ್ಲ. ಫೋನನ್ನು ಕವುಚಿಟ್ಟು ರೊಟ್ಟಿ ತಿಂದು ಬಂದೆ.

ಬಿಟ್ಟುಹೋದ ಬುಟ್ಟಿಗಳ ಮೇಲೆ ಹೆಸರು ಇರುತ್ತದೆ ಎಂದು ನನಗೇನು ಗೊತ್ತು. ಮೊದಲಿಗೇ ಶೈಲಾ ನಮ್ಮೆಲ್ಲರ ಫೋನಿನಲ್ಲೂ ನಂಬರ್ ಹಾಕಿ ಅಂಗಡಿ ತೆರೆದು ಕೊಟ್ಟಿದ್ದಳು. ಮರುದಿನ ಶೈಲಾಳಿಂದ ತಿಳಿದು ಕಾಕಾ ಬಂದು ನನ್ನ ಎದುರು ನೆಲದ ಮೇಲೆ ಕುಳಿತರು.

"ಯಾಕ ಬಿಟ್ಟಿ ಬೇ?"

ನಾನು ತೊಡೆಯ ಮೇಲಿದ್ದ ಸೀರೆಯ ಸುಕ್ಕು ತೀಡಿದೆ.

"ಸೀರಿ ಬ್ಯಾಡಾತೇನು?"

ತಲೆ ಅಲ್ಲಾಡಿಸಿದೆ.

"ಮತ್ತ ಮಗಳಿಗೆ ಏನು? ಸೊಸೀಗೆ?" ಎಂದು ಒಂದೊಂದೇ ಹೆಸರು ಹೇಳುತ್ತ ಹೋದರು. ಒಂದೊಂದಕ್ಕೂ ಅಲ್ಲ ಎಂದು ತಲೆ ಆಡಿಸಿದೆ. ಗೆಳತಿಯವರೆಗೆ ಬಂದರು. ಹನ್ನೊಂದೂ ಮುಗಿದವು. ಬೆರಳು ಮಡಿಚಿದ ಕೈ ಹಾಗೇ ಉಳಿಯಿತು. "ಮತ್ತಿನ್ಯಾರ ಉಳದಾರ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಹಿಂದಿನ ಖೋಲಿ ಬಾಡಿಗೆಗೆ ಹೋಗುವುದು ಕಣ್ಣ ಮುಂದೆ ಬಂತು. ಇದನ್ನು ಹೇಳಬೇಕಾದವಳು ನಾನೇ, ಇಷ್ಟು ದಿನ ಹೇಳದೆ ಇದ್ದವಳೂ ನಾನೇ.

"ನನಗರಿ" ಎಂದೆ.

ಕಾಕಾಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಲವತ್ತು ವರ್ಷ ಕೇಳೇನಿ. ನನಗ ಬೇಕಂತ ಒಬ್ಬ ಹೆಣ್ಮಗಳೂ ಅಂದಿಲ್ಲ."

"ನೀವು ಎದುರಿಗೆ ಕುಂತಿರ್ತಿದ್ರಿ. ಅತ್ತಿ ಬಾಜೂಕ ಕುಂತಿರ್ತಿದ್ಲು. ಹೆಂಗ ಅಂತಾರ್ರಿ? ತಂಗಿಗೆ ಅಂತ ತಗೊಂಡು ತಾವ ಉಡ್ತಿದ್ರು. ಫೋನಿನ್ಯಾಗ ಯಾರೂ ಎದುರಿಗಿಲ್ಲ. ಅಲ್ಲಾದ್ರೂ ಖರೇ ಹೇಳೂಣು ಅಂದ್ರ ನೀವು ಅದನ್ನ ಬರದಿಲ್ಲ."

ನಾನು ಆ ಅಂಗಡಿಯಲ್ಲಿ ಆಡಿದ ಅತಿ ಉದ್ದದ ಮಾತು ಅದು. ಉಳಿದ ಮೂವರು ಮಡಿಸುವುದನ್ನು ನಿಲ್ಲಿಸಿದ್ದರು. ಕಾಕಾ ಎದ್ದು ಗಾದಿಗೆ ಹೋಗಿ ಕುಳಿತರು. ಸಂಜೆ ಶೈಲಾಳಿಗೆ, "ಅಕ್ಕಾರ, ಹನ್ನೆರಡ್ನೇದು ಒಂದು ಹಾಕ್ರಿ. 'ನನಗೆ' ಅಂತ. ಕಡೀಕಿರ್ಲಿ, ಯಾರು ಒತ್ತತಾರ ನೋಡೂಣು" ಎಂದರು.

ಒತ್ತಿದರು. ನವರಾತ್ರಿಯ ಒಂಬತ್ತು ದಿನವೂ ಒತ್ತಿದರು. ಮುಧೋಳದ ಒಬ್ಬರು ಶಿಕ್ಷಕಿ ಒಂದೇ ವಾರದಲ್ಲಿ ಮೂರು ಸಲ ಒತ್ತಿದರು. ದೀಪಾವಳಿಗೆ ನಾವು ನಾಲ್ವರು ಸಾಲದೆ ಇನ್ನಿಬ್ಬರು ಕೋಣೆಗೆ ಬಂದರು, ಯಜಮಾನರು ಬಾಡಿಗೆಯ ಮಾತು ಮತ್ತೆ ತೆಗೆಯಲಿಲ್ಲ. ಮೂರನೆಯ ವಾರಕ್ಕೆ ಕಾಕಾ ತಾವೇ ಹೇಳಿ 'ನನಗೆ' ಎನ್ನುವುದನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದರು. "ನೀಲವ್ವ ಹೇಳಿದ್ದು ಸರಿ ಐತಿ" ಎಂದರು, ನನಗಲ್ಲ, ಗೋಡೆಗೆ.

ಆದರೂ ಅವರಿಗೊಂದು ಚಿಂತೆ ಉಳಿದಿತ್ತು. ತನಗೇ ತರಿಸಿಕೊಂಡವಳ ಸೀರೆಯನ್ನು ಹೇಗೆ ಮಡಿಸಬೇಕು? ಅದಕ್ಕೆ ರೂಢಿಯೇ ಇಲ್ಲ. ಎರಡು ದಿನ ಯೋಚಿಸಿ ಬಂದು ತೋರಿಸಿಕೊಟ್ಟರು. ದಡಿ ಒಳಗೆ, ಸೆರಗು ಮೇಲೆ. "ತೋರ್ಸೂದು ಯಾರಿಗೂ ಇಲ್ಲ. ಬಿಚ್ಚಿದ ಕೂಡ್ಲೆ ಆಕಿಗೆ ಸೆರಗು ಕಾಣ್ಬೇಕು." ಹಾಗೆ ಮಡಿಸಿದ ಮೊದಲ ಸೀರೆ ನಾನು ತರಿಸಿಕೊಂಡ ಹುಣಸೆ ಬೀಜದ ಬಣ್ಣದ್ದು. ಅದರಲ್ಲಿ ಕುಂಕುಮದ ಪುಡಕೆ ಇಡಲು ಹೋದ ಕೈಯನ್ನು ಅವರು ಹಿಂದೆ ತೆಗೆದರು, ಪುಡಕೆಯನ್ನು ಡಬ್ಬಿಗೆ ಮರಳಿ ಹಾಕಿದರು. ಮರುದಿನದಿಂದ ವೆಬ್‌ಸೈಟಿನಲ್ಲಿ, ಬೇಕಾದವರು ಮಾತ್ರ ಕೇಳಿಕೊಳ್ಳಲಿ ಎಂದು ಅದಕ್ಕೂ ಒಂದು ಜಾಗ ಬಂತು.

ಮುಂದಿನ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಅದಕ್ಕೆ ಎಂಟು ದಿನ ಮೊದಲು ರಬಕವಿಯ ಅವರ ಮನೆಗೆ ನಾನು ಹೋಗಿದ್ದೆ. ಉಸಿರಾಟದ ತೊಂದರೆಯಿಂದ ಅಂಗಡಿಗೆ ಬರುವುದು ನಿಂತಿತ್ತು. ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಅವರ ಹೆಂಡತಿ ಶಾಂತಕ್ಕ ಒಳಗೆ ಚಹಾ ಕಾಸುತ್ತಿದ್ದರು. ಕಾಕಾ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಲಗ್ನಾದಾಗಿಂದ ಈಕಿ ಸೀರಿ ನಾನ ಆರಿಸಿ ತರ್ತಿದ್ನಿ. ಊರ ಮಂದಿಗೆಲ್ಲ ಯಾರಿಗೆ ಬೇಕವ್ವ ಅಂತ ಕೇಳ್ದೆ. ಈಕಿಗೆ ಏನ್ ಬೇಕಂತ ಕೇಳ್ಲಿಲ್ಲ. ಮೊನ್ನೆ ಫೋನ್ ಕೈಯಾಗ ಕೊಟ್ಟು, ನೀನ ತಗೋ ಅಂದೆ."

"ತಗೊಂಡ್ರೇನ್ರಿ?"

"ಮೂರು ದಿನ ಹಿಡೀತು. ಫೋನ್ ನನಗ ಸಿಗ್ಲೇ ಇಲ್ಲ." ಅಷ್ಟು ಹೇಳಿ ಉಸಿರು ಎಳೆದುಕೊಂಡರು.

ಶಾಂತಕ್ಕ ಚಹಾ ಹಿಡಿದು ಹೊರಗೆ ಬಂದರು. ಹೊಸ ಸೀರೆ ಉಟ್ಟಿದ್ದರು. ಕಣ್ಣು ಕುಕ್ಕುವ ಗುಲಾಬಿ, ಮೈತುಂಬ ದೊಡ್ಡ ದೊಡ್ಡ ಹೂವು. ಕಾಕಾ ಗಾದಿಯ ಮೇಲಿದ್ದಾಗ ಅಂಥದ್ದನ್ನು ಗಿರಾಕಿ ಬೇಡಿದರೂ ಕಪಾಟಿನಿಂದ ಕೆಳಗೆ ಇಳಿಸುತ್ತಿರಲಿಲ್ಲ. ಚಹಾ ಕೊಟ್ಟು, ಸೆರಗನ್ನು ಸುಮ್ಮನೆ ಒಮ್ಮೆ ಸರಿಪಡಿಸಿಕೊಂಡು, ನನ್ನ ಕಡೆ ನೋಡಿ ನಕ್ಕು ಅವರು ಒಳಗೆ ಹೋದರು.

ಕಾಕಾ ಒಳಗೆ ಹೋಗುತ್ತಿದ್ದ ಹೆಂಡತಿಯ ಬೆನ್ನನ್ನೇ ನೋಡುತ್ತಿದ್ದರು.

"ಆ ಬಣ್ಣ ಆಕಿಗೆ ಒಪ್ಪಂಗಿಲ್ಲ ನೀಲವ್ವ" ಎಂದರು ಮೆಲ್ಲಗೆ. "ಆದ್ರ ನಾ ಏನೂ ಅಂದಿಲ್ಲ."