ಕಟ್ಟದೆ ಬಿಟ್ಟ ಮುದ್ದೆ

ನಮ್ಮ ಹಳೆಯ ಊರನ್ನು ಸುಟ್ಟ ದಂಡು ಯಾರದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಹುಣಸೂರಿನಲ್ಲಿ ಪಿಯುಸಿ ಓದುತ್ತಾ ರಾಜರ ಯುದ್ಧಗಳ ಇಸವಿಗಳನ್ನು ಉರುಹೊಡೆಯುತ್ತಿದ್ದೆ. ಗೆದ್ದವನ ಹೆಸರು, ಸೋತವನ ಹೆಸರು, ಇಬ್ಬರ ಬಿರುದುಗಳೂ ಪುಸ್ತಕದಲ್ಲಿದ್ದವು. ಅವರ ಜಗಳದಲ್ಲಿ ಬೂದಿಯಾದ ನಮ್ಮೂರು ಮಾತ್ರ ಎಲ್ಲೂ ಇರಲಿಲ್ಲ. ಓದುತ್ತಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಆ ಊರನ್ನು ಉಳಿಸಿಕೊಂಡಿದ್ದವಳು ನಮ್ಮಜ್ಜಿ, ಅದೂ ಒಂದು ಮಡಕೆ ರಾಗಿಹಿಟ್ಟಿನಲ್ಲಿ. ದಂಡು ಬಂದ ದಿನ ಹೆಂಗಸರು ಒಲೆಯ ಮೇಲಿದ್ದ ಹಿಟ್ಟನ್ನು ಹಾಗೇ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಓಡಿದರಂತೆ. ಅದಕ್ಕೇ ಪ್ರತಿ ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯ ಹೆಂಗಸು ನಮ್ಮ ಹೊಲದಂಚಿನ ಹಾಳೂರಿಗೆ ಹೋಗಿ, ಅಲ್ಲಿ ಉಳಿದಿದ್ದ ಹಳೆಯ ಒಲೆಗಲ್ಲುಗಳ ಮೇಲೆ ಹಿಟ್ಟು ಬೇಯಿಸಬೇಕು. ಮುದ್ದೆ ಕಟ್ಟಬಾರದು. ಹಿಟ್ಟು ತಿರುವುವ ಕೋಲನ್ನು ಅದರಲ್ಲೇ ನಿಲ್ಲಿಸಿ, ಒಂದು ತುತ್ತೂ ತಿನ್ನದೆ, ಹಿಂತಿರುಗಿ ನೋಡದೆ ಬಂದುಬಿಡಬೇಕು.

"ಅವ್ರು ಉಣ್ದೆ ಓಡೋದ್ರು ಕಣವ್ವ. ವರ್ಸಕ್ಕೊಂದ್ ದಿನ ನಾವೂ ಉಣ್ದಂಗೇ ಬರ್ಬೇಕು" ಎನ್ನುತ್ತಿದ್ದಳು ಅಜ್ಜಿ.

ಆಮೇಲೆ ಚಿಕ್ಕಪ್ಪನಿಗೆ ಹೊಗೆಸೊಪ್ಪಿನ ಹುಚ್ಚು ಹಿಡಿಯಿತು. ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಮನೆ ಕಟ್ಟಲು ಇಡೀ ಹೊಲದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಹಾಳೂರೇ. ಕಲ್ಲು ಪುಕ್ಕಟೆ ಸಿಗುತ್ತದಲ್ಲ! ಒಲೆಗಲ್ಲುಗಳೂ ಪಾಯಕ್ಕೆ ಬಿದ್ದವು. ಅಜ್ಜಿ ಅತ್ತು ರಂಪ ಮಾಡಿದ್ದಕ್ಕೆ, ಬ್ಯಾರನ್ ಗೋಡೆಯ ಮೇಲೆ ದೊಡ್ಡದಾಗಿ ಹಳೆಯ ಊರಿನ ಹೆಸರು ಬರೆಸಿದ. "ಊರ ಎಸ್ರು ಉಳ್ಸ್‌ಬುಟ್ಟೆ ಬುಡಪ್ಪ" ಎಂದು ನೆಂಟರೆಲ್ಲ ಬೆನ್ನು ತಟ್ಟಿದರು. ಓದು ಬಾರದ ಅಜ್ಜಿಗೆ ಆ ಬಣ್ಣದ ಅಕ್ಷರಗಳಿಂದ ಏನಾಗಬೇಕಿತ್ತು?

ಆ ವರ್ಷದ ಅಮಾವಾಸ್ಯೆಗೆ ಅವಳು ಬ್ಯಾರನ್ ಮುಂದೆಯೇ ಮೂರು ಇಟ್ಟಿಗೆ ಹೂಡಿ ಹಿಟ್ಟು ಬೇಯಿಸಿದಳು. ಕೋಲು ನಿಲ್ಲಿಸಿ ಎದ್ದಳು. ಜೊತೆಗೆ ನಾನಿದ್ದೆ. ಅರ್ಧ ಹೊಲ ದಾಟುವಷ್ಟರಲ್ಲಿ ಚಿಕ್ಕಪ್ಪನ ಕೂಗು ಕೇಳಿಸಿತು.

"ಅವ್ವಾ, ಬಾರವ್ವ! ಒಳ್ಳೆ ಇಟ್ನ ಯಾಕ್ ಆಳ್ ಮಾಡೀಯೆ? ಅವರೆಕಾಳ್ ಸಾರೂ ಅದೆ!"

ಅಜ್ಜಿ ನಿಂತಳು. ಬೇಡ ಎಂದು ನಾನು ಅವಳ ಸೆರಗು ಹಿಡಿದೆ. ಅವಳು ತಿರುಗಿಯೇ ಬಿಟ್ಟಳು.

ಚಿಕ್ಕಪ್ಪ ಆ ಹಿಟ್ಟನ್ನು ಮುದ್ದೆ ಕಟ್ಟಿ, ಬೆಂಕಿ ಹಾಕುವ ಆಳುಗಳಿಗೆ ಬಡಿಸಿ, ಒಂದನ್ನು ತಟ್ಟೆಯಲ್ಲಿಟ್ಟು ಅವ್ವನ ಕಡೆಗೆ ಚಾಚಿದ್ದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದ. ಬಾಯಿತುಂಬ ಬಯ್ಯಲೂ ಆಗದ ಹಾಗೆ ಮಾಡಿದ ಪುಣ್ಯಾತ್ಮ. ಆ ಪ್ರೀತಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಉಣ್ಣಪ್ಪ, ಒಟ್ಟೆ ತುಂಬ ಉಣ್ಣು" ಎಂದಳು ಅಜ್ಜಿ. "ದಂಡ್ನೋರೂ ಒಲೆ ಕಿತ್ತಿರ್ನಿಲ್ಲ ಕಣ್ಲಾ."

ಅಷ್ಟು ದೂರಕ್ಕೆ ಅವನಿಗೆ ಕೇಳಿಸಲಿಲ್ಲ. "ಏನವ್ವಾ?" ಎಂದ. ಅಜ್ಜಿ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡು ಮನೆಯ ದಾರಿ ಹಿಡಿದಳು. ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆಗೆ ಅವಳು ಹಾಳೂರಿನ ಕಡೆಗೆ ಹೋಗದೆ, ಎಲ್ಲರ ಜೊತೆ ಕೂತು ಮನೆಯಲ್ಲೇ ಉಂಡಳು.