ಅರ್ಧ ಮಾತ್ರೆಯ ಭಕ್ತಿ

ರಾಜಾಜಿನಗರದ ನಮ್ಮ ಬೀದಿಗೆ ಟಿ.ವಿ. ಬರುವ ಮುಂಚೆ ಶನಿವಾರದ ಮನರಂಜನೆ ಅಂದರೆ ಭಜನೆ ಮಂಡಳಿಯ ಅಧ್ಯಕ್ಷರು. ಎರಡು ಗಂಟೆ ನೆಲದ ಮೇಲೆ ಕೂತು ತಾಳ ಹಾಕಿ, ಮಂಗಳಾರತಿಗೆ ದಡಕ್ಕನೆ ಎದ್ದವರೇ ಕಣ್ಣಾಲಿ ಮೇಲಾಗಿ ಬಿದ್ದುಬಿಡುತ್ತಿದ್ದರು. ಹೆಂಗಸರು ಅವರಿಗೇ ಕೈ ಮುಗಿಯುತ್ತಿದ್ದರು. ಎಚ್ಚರವಾದ ಮೇಲೆ ಹಣೆಯ ಬುಗುಟೆಯನ್ನು ಎಲ್ಲರಿಗೂ ತೋರಿಸಿ, "ನಂದೇನಿದೆ, ಎಲ್ಲಾ ಅವನ ಆಟ" ಅನ್ನುತ್ತಿದ್ದರು. ಆ ಬುಗುಟೆಗೆ ಕುಂಕುಮ ಹಚ್ಚಿಸಿಕೊಂಡದ್ದೂ ಉಂಟು.

ಕೊನೆಗೆ ಹೆದರಿದ ಅವರ ಹೆಂಡತಿ, ನನ್ನನ್ನೂ ಜೊತೆಗೆ ಕರೆದುಕೊಂಡು, ಅವರನ್ನು ಡಾಕ್ಟರ ಹತ್ತಿರ ಎಳೆದೊಯ್ದರು. ಡಾಕ್ಟರು ಹಳೇ ಚೀಟಿ ನೋಡಿ ನಕ್ಕರು.

"ದೇವ್ರಲ್ಲ ಸಾರ್, ನಿಮ್ಮ ಹಾರ್ಟಿನ ಮಾತ್ರೆ. ತಟ್ಟನೆ ಎದ್ರೆ ಬಿ.ಪಿ. ಇಳಿದು ತಲೆ ಸುತ್ತತ್ತೆ. ಇನ್ಮೇಲೆ ಅರ್ಧ ತಗೊಳ್ಳಿ, ನಿಧಾನಕ್ಕೆ ಏಳಿ."

ಬದುಕಿಕೊಂಡೆ ಅನ್ನಬೇಕಾದ ಮನುಷ್ಯನ ಮುಖ ಸಪ್ಪಗಾಯಿತು.

ಮುಂದಿನ ಶನಿವಾರ ಮಂಗಳಾರತಿಗೆ ಎದ್ದವರು ಕಂಬದ ಹಾಗೆ ನಿಂತೇ ಇದ್ದರು. ಪಕ್ಕದ ಮನೆ ಅಜ್ಜಿ ಕೇಳಿಯೇಬಿಟ್ಟರು: "ಯಾಕಪ್ಪ, ಇವತ್ತು ಸ್ವಾಮಿ ಮೈಮೇಲೆ ಬರ್ಲಿಲ್ವಾ?"

ಅಧ್ಯಕ್ಷರು ಜಮಖಾನ ಎಲ್ಲಿಯವರೆಗೆ ಹಾಸಿದೆ ಅಂತ ನೋಡಿಕೊಂಡರು. ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಬಿದ್ದರು.